ಪತ್ತನಾಜೆಗೆ ಮೊದಲು, ತೋಡಾರಿನಲ್ಲಿ

ಮೂಡುಬಿದಿರೆಯಿಂದ ಮಂಗಳೂರಿನ ಬಸ್ಸು ಹತ್ತಿದರೆ, ವಿದ್ಯಾಗಿರಿ ದಾಟಿ ಸ್ವಲ್ಪ ಹೊತ್ತಿಗೇ ತೋಡಾರು. ಕಂಡಕ್ಟರ್ "ಕುಡ್ಲ, ಕುಡ್ಲ" ಎಂದು ಮುಂದಿನ ಜನರನ್ನು ಕರೆಯುವ ಗಡಿಬಿಡಿಯಲ್ಲಿರುತ್ತಾನೆ. ನೀವು ಎರಡು ತಿರುವು ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಿರಬೇಕು, ಇಲ್ಲದಿದ್ದರೆ ಮಿಜಾರಿನಲ್ಲೇ ಇಳಿಯಬೇಕಾಗುತ್ತದೆ. ಈಗಂತೂ ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ರಸ್ತೆ ನಾಲ್ಕು ಪಥ ಮಾಡುವ ಕೆಲಸದಲ್ಲಿ ಗುರುತಿನ ಮರಗಳೇ ಹೋಗಿ, ಎಲ್ಲಿ ಏಳಬೇಕು ಎಂಬುದೇ ನನಗೆ ಗೊಂದಲ. ಸರಕಾರದ ಲೆಕ್ಕದಲ್ಲಿ ಇದು ರಾಷ್ಟ್ರೀಯ ಹೆದ್ದಾರಿ 169. ನನ್ನ ಮಾವನ ಬಾಯಲ್ಲಿ ಇನ್ನೂ "ತರ್ಟೀನ್".

ಹೆದ್ದಾರಿ ಬಿಟ್ಟು ಒಳಗೆ ಹತ್ತು ನಿಮಿಷ ನಡೆದರೆ ಊರೇ ಬೇರೆ. ಒಂದು ಕಡೆ ಮುರಕಲ್ಲಿನ ಗುಡ್ಡೆ, ಅದರ ಮೇಲೆ ಗೇರು ಮತ್ತು ಅಕೇಶಿಯ. ಇನ್ನೊಂದು ಕಡೆ ಇಳಿಜಾರಿನಲ್ಲಿ ರಬ್ಬರು, ಕೆಳಗೆ ಅಡಿಕೆ ತೋಟ, ತೋಟದ ಬದಿಯಲ್ಲಿ ತೋಡು. ನಮ್ಮ ಕಡೆ ತೋಡು ಎಂದರೆ ಸಣ್ಣ ಹಳ್ಳ. ಊರಿನ ಹೆಸರು ಎಲ್ಲಿಂದ ಬಂತೋ ಏನೋ, ನನಗಂತೂ ತೋಡಾರು ಎಂದ ಕೂಡಲೇ ನೆನಪಾಗುವುದು ಅಮ್ಮನ ತವರಿನ ಆ ತೋಡು, ಮೇ ತಿಂಗಳಲ್ಲಿ ಅದರಲ್ಲಿ ಉಳಿಯುವ ಮೊಣಕಾಲಷ್ಟು ನೀರು.

ಬೆಂಗಳೂರಿನಲ್ಲಿ ನನ್ನದು ಸಾಫ್ಟ್‌ವೇರ್ ಕೆಲಸ. ವರ್ಷಕ್ಕೊಮ್ಮೆ ಮೇ ತಿಂಗಳ ಮೂರನೇ ವಾರ ರಜೆ ಹಾಕಿ ಮಾವನ ಮನೆಗೆ ಬರುವುದು ರೂಢಿ. ಪುನರ್ಪುಳಿ ಶರಬತ್ತು, ಹಲಸಿನ ಹಣ್ಣಿನ ಗಟ್ಟಿ, ಮಧ್ಯಾಹ್ನ ಚಾವಡಿಯಲ್ಲಿ ನಿದ್ದೆ. ಈ ಸಲವೂ ಅಷ್ಟೇ ಅಂದುಕೊಂಡು ಬಂದವಳು ಒಂದು ರಬ್ಬರ್ ಪೈಪಿನ ಹಿಂದೆ ಎರಡು ದಿನ ಓಡಿದೆ. ಆ ಎರಡು ದಿನದ ಕತೆ ಇದು.

ಮಾವನಿಗೆ ತೋಟದ ಜೊತೆಗೆ ಒಂದು ಉಪಕಸುಬು ಉಂಟು. ಕಟ್ಟಿಗೆ ಒಡೆಯುವ ಮಿಷನ್. ಎರಡು ಚಕ್ರದ ಟ್ರಾಲಿ, ಅದರ ಮೇಲೆ ಡೀಸೆಲ್ ಎಂಜಿನ್, ಎಣ್ಣೆಯ ಟ್ಯಾಂಕು, ಪಂಪು, ಉದ್ದಕ್ಕೆ ಮಲಗಿಸಿದ ಒಂದು ಸಿಲಿಂಡರ್. ಪಿಕಪ್ಪಿಗೆ ಸಿಕ್ಕಿಸಿ ಮನೆ ಮನೆಗೆ ಎಳೆದುಕೊಂಡು ಹೋಗುತ್ತಾರೆ. ಮರದ ತುಂಡನ್ನು ಹಾಸಿನ ಮೇಲೆ ಇಟ್ಟು ಲಿವರ್ ಒತ್ತಿದರೆ ಸಿಲಿಂಡರಿನ ದಂಡ ಅದನ್ನು ತಳ್ಳಿಕೊಂಡು ಹೋಗಿ ಉಕ್ಕಿನ ಬೆಣೆಗೆ ಒತ್ತುತ್ತದೆ. ಕೊಡಲಿಗೆ ಬಗ್ಗದ ಹಲಸಿನ ಗಂಟು ಕೂಡ ಚಟಚಟ ಎಂದು ಎರಡು ಹೋಳು. ಹೊರದೇಶಗಳಲ್ಲಿ ಹೀಗೇ ಮರ ಬಿದ್ದ ಜಾಗಕ್ಕೆ ಮಿಲ್ಲನ್ನೇ ಎಳೆದುಕೊಂಡು ಹೋಗಿ ಹಲಗೆ ಕೊಯ್ಯುತ್ತಾರೆ. ದಿಮ್ಮಿಯನ್ನು ಎತ್ತಲು, ಹೊರಳಿಸಲು ಅಲ್ಲಿಯೂ ಇದೇ ಎಣ್ಣೆ, ಇದೇ ಪೈಪು. ನಮ್ಮಲ್ಲಿ ಮರ ಕೊಯ್ಯುವ ಮಿಲ್ಲಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಹಾಗಾಗಿ ಊರು ಸುತ್ತುವುದು ಕಟ್ಟಿಗೆ ಒಡೆಯುವ ಮಿಷನ್ ಮಾತ್ರ.

ಮೇ ತಿಂಗಳು ಈ ಮಿಷನ್ನಿಗೆ ಹಬ್ಬದ ಸೀಸನ್. ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಹೆಚ್ಚಾಗಿ ಮೇ 24ರ ಸುಮಾರಿಗೆ ಬರುತ್ತದೆ. ಅಲ್ಲಿಗೆ ನೇಮ, ಕೋಲಗಳೆಲ್ಲ ನಿಲ್ಲುತ್ತವೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಮತ್ತೆ ಮಳೆ ಯಾವಾಗ ಬೇಕಾದರೂ ಬರಬಹುದು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನಿನಲ್ಲಿ ಕಟ್ಟಿಗೆ ಒದ್ದೆಯಾದರೆ ಮತ್ತೆ ಒಣಗುವುದು ನವರಾತ್ರಿಗೆ. ಗ್ಯಾಸ್ ಬಂದಿದೆ ನಿಜ. ಆದರೆ ಬಚ್ಚಲಿನ ಹಂಡೆ, ಕುಚ್ಚಲಕ್ಕಿಯ ಗಂಜಿ, ಅನುಪತ್ಯದ ಅಡುಗೆ, ಇವೆಲ್ಲ ಇನ್ನೂ ಕಟ್ಟಿಗೆಯ ಮೇಲೆಯೇ. ಮಾವನ ಕ್ಯಾಲೆಂಡರಿನಲ್ಲಿ ಪತ್ತನಾಜೆಯವರೆಗೆ ಹನ್ನೊಂದು ಮನೆಯ ಹೆಸರು ಬರೆದಿತ್ತು.

ಭಾನುವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಗುಡ್ಡೆಯ ಆಚೆಯ ಒಂದು ಮನೆ. ಅಲ್ಲಿ ಒಬ್ಬ ಅಜ್ಜಿ ಮತ್ತು ಕೆಲಸದ ಹೆಂಗಸು ಇಬ್ಬರೇ. ಮಗ ಗಲ್ಫಿನಲ್ಲಿ. ಅಂಗಳದ ಬದಿಯಲ್ಲಿ ಕಡಿದ ಮಾವಿನ ಮರ ರಾಶಿ ಬಿದ್ದಿತ್ತು. ಏಳೆಂಟು ತುಂಡು ಆಗುವಷ್ಟರಲ್ಲಿ ಲಿವರಿನ ಕೆಳಗೆ, ಪೈಪಿನ ಹತ್ತಿರ, ಬೆಳಗಿನ ಬಿಸಿಲಿನಲ್ಲಿ ಏನೋ ಮಂಜಿನ ಹಾಗೆ ಕಂಡಿತು. ಹೊಗೆಯಲ್ಲ. ತೆಳ್ಳಗೆ, ಬೂದಿ ಬಣ್ಣ. "ಮಾವ, ಇಲ್ಲಿ ಎಲ್ಲೋ ಲೀಕ್ ಉಂಟು" ಎಂದವಳೇ ಎಲ್ಲಿಂದ ಬರುತ್ತಿದೆ ಎಂದು ನೋಡಲು ಕೈ ಚಾಚಿದೆ.

"ಮುಟ್ಟಡ!"

ಮಾವ ಸಿಟ್ಟು ಬಂದಾಗಲೂ ಮೆಲ್ಲಗೆ ಮಾತಾಡುವವರು. ಅವತ್ತು ಅವರು ಕಿರುಚಿದ್ದಕ್ಕೆ ಅಜ್ಜಿಯ ನಾಯಿ ಎದ್ದು ಓಡಿತು. ಕೂಗುವುದರ ಜೊತೆಗೇ ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು. ಮತ್ತೆ ಎಂಜಿನ್ ಬಂದ್ ಮಾಡಿ, ಅಲ್ಲೇ ದಿಮ್ಮಿಯ ಮೇಲೆ ಕುಳಿತುಬಿಟ್ಟರು. ಅವರ ಕೈ ನಡುಗುತ್ತಿತ್ತು.

"ನನಗೆ ಗೊತ್ತಿದ್ದ ಒಬ್ಬ ಜೆಸಿಬಿ ಆಪರೇಟರ್ ಇದ್ದ" ಎಂದರು ಸ್ವಲ್ಪ ಹೊತ್ತಿನ ಮೇಲೆ. "ಹೀಗೇ ಲೀಕ್ ಎಲ್ಲಿ ಅಂತ ಬೆರಳಿನಲ್ಲಿ ಸವರಿ ನೋಡಿದ. ಸೂಜಿ ಚುಚ್ಚಿದ ಹಾಗೆ ಆಯ್ತಂತೆ, ಅಷ್ಟೇ. ರಕ್ತ ಸಹ ಬರಲಿಲ್ಲ. ಬಟ್ಟೆಯಲ್ಲಿ ಒರೆಸಿ ಸಂಜೆಯವರೆಗೆ ಕೆಲಸ ಮಾಡಿದ. ರಾತ್ರಿ ಕೈ ಬೀಗಿತು. ಮರುದಿನ ಆಸ್ಪತ್ರೆಗೆ ಹೋದ, ಬೆರಳು ಉಳಿಯಲಿಲ್ಲ."

ಇದನ್ನು ಓದುವವರಲ್ಲಿ ಟ್ರ್ಯಾಕ್ಟರ್, ಟಿಪ್ಪರ್, ಜೆಸಿಬಿ ಇರುವ ಮನೆಯವರು ಇರಬಹುದು. ಅವರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಒತ್ತಡದಲ್ಲಿರುವ ಎಣ್ಣೆ ಕೂದಲೆಳೆಯಷ್ಟು ತೂತಿನಿಂದ ಹೊರಬಂದರೆ ಅದು ಇಂಜೆಕ್ಷನ್ ಸೂಜಿಯ ಹಾಗೆ ಚರ್ಮದ ಒಳಗೆ ಹೋಗುತ್ತದೆ. ಕೈಗವಸು ಇದ್ದರೂ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ. ಒಳಗೆ ಎಣ್ಣೆ ನರ, ರಕ್ತನಾಳಗಳ ಉದ್ದಕ್ಕೂ ಹರಡಿ ಮಾಂಸ ಕೊಳೆಯಲು ಶುರುವಾಗುತ್ತದೆ. ಮೊದಲಿಗೆ ನೋವು ಕಡಿಮೆ ಇರುವುದೇ ಮೋಸ. ಹಾಗೇನಾದರೂ ಆದರೆ ಅರಿಶಿನ, ಮುಲಾಮು ಎಂದು ಕುಳಿತುಕೊಳ್ಳದೆ ಶಸ್ತ್ರಚಿಕಿತ್ಸೆಯ ಸೌಲಭ್ಯ ಇರುವ ಆಸ್ಪತ್ರೆಗೆ ಕೂಡಲೇ ಓಡಬೇಕು. "ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಒಳಗೆ ಹೋಗಿದೆ" ಎಂದು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಇಲ್ಲಿ ದಿನಗಳ ಲೆಕ್ಕ ಅಲ್ಲ, ಗಂಟೆಗಳ ಲೆಕ್ಕ.

ನಾನು ಎಂಜಿನಿಯರಿಂಗ್ ಓದಿದವಳು. ಪಾಸ್ಕಲನ ನಿಯಮ ಪಿಯುಸಿಯಲ್ಲೇ ಬಾಯಿಪಾಠ. ಮಾವನ ಮಿಷನ್ನಿನ ಗೇಜಿನಲ್ಲಿ ಮುಳ್ಳು 160 ಬಾರ್ ತೋರಿಸುತ್ತದೆ. ಕಾರಿನ ಟಯರಿನಲ್ಲಿರುವುದು 2 ಬಾರ್ ಚಿಲ್ಲರೆ. ಅಂದರೆ ಟಯರಿನ 70 ಪಟ್ಟು ಒತ್ತಡ. ಹತ್ತು ಸೆಂಟಿಮೀಟರ್ ಅಗಲದ ಸಿಲಿಂಡರಿನಲ್ಲಿ ಅದು 12 ಟನ್ನಿಗೂ ಮೀರಿದ ಬಲ. ಈ ಲೆಕ್ಕ ನಾನು ಮೊಬೈಲ್ ಸಹ ನೋಡದೆ ಮಾಡಬಲ್ಲೆ. ಆದರೂ ಕೈ ಚಾಚಿದ್ದು ನಾನೇ. ಎಸ್ಸೆಸ್ಸೆಲ್ಸಿ ಮುಗಿಸಿದ ಮಾವ ನನ್ನ ಕೈ ಉಳಿಸಿದರು.

ಎಂಜಿನ್ ಬಂದ್ ಮಾಡಿದರೂ ಪೈಪಿನ ಒಳಗೆ ಒತ್ತಡ ಉಳಿದಿರುತ್ತದೆ. ಮಾವ ಲಿವರನ್ನು ಆಚೆ ಈಚೆ ನಾಲ್ಕೈದು ಸಲ ಆಡಿಸಿ, ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿ, ಆಮೇಲೆ ಪೈಪಿನ ಹತ್ತಿರ ಹೋದರು. ಅದಕ್ಕೆ ಒಂದು ಗೇಣುದ್ದ ಸೈಕಲ್ ಟ್ಯೂಬು ಸುತ್ತಿ, ಮೇಲೆ ತಂತಿ ಬಿಗಿದಿತ್ತು. "ಇದು ಯಾವಾಗ ಕಟ್ಟಿದ್ದು ಮಾವ?" ಎಂದು ಕೇಳಿದೆ.

"ಹೋದ ವರ್ಷ" ಎಂದರು. ಸ್ವಲ್ಪ ತಡೆದು, "ಅದಕ್ಕಿಂತ ಹಿಂದಿನ ವರ್ಷ" ಎಂದರು.

ಟ್ಯೂಬು ಬಿಚ್ಚಿದಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಟ್ರಾಲಿಯ ಚೌಕಟ್ಟಿನ ಒಂದು ಮೂಲೆಗೆ ಉಜ್ಜಿ ಉಜ್ಜಿ ಪೈಪಿನ ಮೇಲಿನ ರಬ್ಬರು ಪೂರ್ತಿ ಸವೆದಿತ್ತು. ಒಳಗಿನ ಉಕ್ಕಿನ ತಂತಿಯ ಜಾಲರಿ ಹೊರಗೆ ಕಾಣುತ್ತಿತ್ತು, ಅರ್ಧ ತುಕ್ಕು, ನಾಲ್ಕೈದು ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಇಂಥ ಪೈಪಿನಲ್ಲಿ ಎಣ್ಣೆ ತಡೆಯುವುದು ಒಳಗಿನ ರಬ್ಬರಿನ ಕೊಳವೆ, ಒತ್ತಡ ತಡೆಯುವುದು ತಂತಿಯ ಜಾಲರಿ, ನೀರು ಮತ್ತು ಉಜ್ಜುವಿಕೆಯಿಂದ ಜಾಲರಿಯನ್ನು ಕಾಯುವುದು ಹೊರಗಿನ ರಬ್ಬರು. ಹೊರಗಿನದು ಹೋದ ದಿನವೇ ಪೈಪಿನ ಆಯುಷ್ಯದ ಲೆಕ್ಕ ಶುರು. ಸೈಕಲ್ ಟ್ಯೂಬು ಪೈಪನ್ನು ಕಾಯಲಿಲ್ಲ. ಎರಡು ಮಳೆಗಾಲದ ನೀರು ಹಿಡಿದಿಟ್ಟು ತಂತಿಗೆ ತುಕ್ಕು ಹಿಡಿಸಿತು, ಅದನ್ನು ನಮ್ಮ ಕಣ್ಣಿನಿಂದ ಮರೆ ಮಾಡಿತು.

ಅಜ್ಜಿ ಮೆಟ್ಟಲಿನ ಮೇಲೆ ನಿಂತು, "ಇವತ್ತು ಆಗುವುದಿಲ್ಲವಾ?" ಎಂದು ಕೇಳಿದರು. "ನಾಳೆ ಮಾಡಿ ಕೊಡ್ತೇನೆ ಅಮ್ಮ" ಎಂದರು ಮಾವ. ಅಜ್ಜಿ ಆಕಾಶ ನೋಡಿದರು. ಪಡುವಣದಲ್ಲಿ ಮೋಡ ಇತ್ತು.

ಹಳೆಯ ಪೈಪು ಕಳಚಿ, ತೆರೆದ ಬಾಯಿಗಳಿಗೆ ಮಣ್ಣು ಹೋಗದ ಹಾಗೆ ಪ್ಲಾಸ್ಟಿಕ್ ಕಟ್ಟಿ, ಟ್ರಾಲಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆವು. ಸೋಮವಾರ ಬೆಳಿಗ್ಗೆ ಪೈಪು ಹಿಡಿದುಕೊಂಡು ಬೆದ್ರಕ್ಕೆ ಹೊರಟೆವು. ಮೂಡುಬಿದಿರೆಗೆ ತುಳುವಿನಲ್ಲಿ ಬೆದ್ರ ಎನ್ನುವುದು. ಮೊದಲು ಇಂಥ ಕೆಲಸಕ್ಕೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶಕ್ಕೇ ಹೋಗಬೇಕಿತ್ತಂತೆ. ಈಗ ಜೆಸಿಬಿ, ಟಿಪ್ಪರ್ ಹೆಚ್ಚಾಗಿ ಪೈಪ್ ಕ್ರಿಂಪಿಂಗ್ ಮಾಡುವ ಅಂಗಡಿ ಹತ್ತಿರವೇ ಸಿಗುತ್ತದೆ.

ಅಂಗಡಿಯ ಅಣ್ಣ ಹಳೆಯ ಪೈಪು ಕೈಗೆ ತೆಗೆದುಕೊಂಡವರೇ ಮೊದಲು ಅದರ ಮೈಮೇಲಿನ ಬರಹ ಹುಡುಕಿದರು. ಪೈಪಿನ ಉದ್ದಕ್ಕೂ ಅಳತೆ, ಜಾತಿ, ತಯಾರಾದ ಕಾಲ ಎಲ್ಲ ಅಚ್ಚು ಹಾಕಿರುತ್ತಾರೆ. ಅರ್ಧ ಇಂಚು, ಎರಡು ಪದರ ತಂತಿಯದ್ದು. ಈ ಜಾತಿಯ ಹೊಸ ಪೈಪಿಗೆ 275 ಬಾರ್‌ವರೆಗೆ ಕೆಲಸದ ಒತ್ತಡ ಕೊಡಬಹುದು, ಒಡೆಯುವ ಒತ್ತಡ ಅದರ ನಾಲ್ಕು ಪಟ್ಟು. "ಹಾಗಾದರೆ ನಮ್ಮ 160 ಏನೂ ಅಲ್ಲವಲ್ಲ" ಎಂದೆ. "ಹೊಸತಿಗೆ ಮೇಡಂ. ಇದಕ್ಕೆ ಯಾವ ಲೆಕ್ಕವೂ ಇಲ್ಲ" ಎಂದು ಪೈಪನ್ನು ಬಗ್ಗಿಸಿ ತೋರಿಸಿದರು. ಒಳಗಿನ ರಬ್ಬರು ಒಣಗಿದ ಬಾಳೆಎಲೆಯ ಹಾಗೆ ಸದ್ದು ಮಾಡಿತು.

ಮತ್ತೆ ಎರಡೂ ತುದಿಯ ಮರೆಗಳನ್ನು ಹಲ್ಲಿನ ಗೇಜು ಇಟ್ಟು ನೋಡಿದರು. ಇದರಲ್ಲಿ ಒಂದು ಮೋಸ ಉಂಟು. ಅರ್ಧ ಇಂಚಿನ ಬ್ರಿಟಿಷ್ ಮರೆಗೂ ಅಮೆರಿಕನ್ ಮರೆಗೂ ಇಂಚಿಗೆ 14 ಸುತ್ತು. ಕಣ್ಣಿಗೆ ಒಂದೇ. ಆದರೆ ಒಂದರ ಹಲ್ಲಿನ ಕೋನ 55 ಡಿಗ್ರಿ, ಇನ್ನೊಂದರದ್ದು 60. ಒಂದಕ್ಕೆ ಇನ್ನೊಂದನ್ನು ಸೇರಿಸಿದರೆ ನಾಲ್ಕು ಸುತ್ತು ಹೋಗುತ್ತದೆ, ಬಿಗಿಯಾದ ಹಾಗೆ ಕಾಣುತ್ತದೆ, ಆಮೇಲೆ ಸೋರುತ್ತದೆ. ನನಗೆ ಆಫೀಸಿನ ನೆನಪಾಯಿತು. ಎರಡು ವರ್ಷನ್ನಿನ ಲೈಬ್ರರಿ ಹೀಗೇ ಸೇರಿಕೊಂಡ ಹಾಗೆ ನಟಿಸಿ ಶುಕ್ರವಾರ ಸಂಜೆ ಕೈಕೊಡುತ್ತದೆ. ನಮ್ಮದು ಎರಡೂ ಕಡೆ ಬ್ರಿಟಿಷ್ ಮರೆ ಎಂದು ಖಾತ್ರಿಯಾಯಿತು.

ಅಷ್ಟರಲ್ಲಿ ಕರೆಂಟು ಹೋಯಿತು. ಕ್ರಿಂಪಿಂಗ್ ಮಿಷನ್ ಓಡಲು ಕರೆಂಟು ಬೇಕು. "ಒಂದು ಗಂಟೆ ಬಿಟ್ಟು ಬನ್ನಿ" ಎಂದರು. ಮಾವ ಚಹಾ ಕುಡಿಯಲು ಹೋದರು, ನಾನು ಸಾವಿರ ಕಂಬದ ಬಸದಿಗೆ ಹೋದೆ. 1430ರ ಹೊತ್ತಿಗೆ ಕಟ್ಟಿದ್ದು. ಚಿಕ್ಕಂದಿನಲ್ಲಿ ಅಮ್ಮನ ಕೈ ಹಿಡಿದು ಕಂಬ ಎಣಿಸಲು ಹೊರಟು ಪ್ರತಿ ಸಲ ಲೆಕ್ಕ ತಪ್ಪಿದ ಜಾಗ. ಹೊರಗೆ ಸುಡುವ ಬಿಸಿಲು, ಒಳಗೆ ಕಲ್ಲಿನ ತಂಪು. ಒಬ್ಬ ಕೆಲಸದವರು ಏಣಿ ಇಟ್ಟುಕೊಂಡು ಮಳೆಗೆ ಮೊದಲು ಮಾಡಿನಲ್ಲಿ ಎಲ್ಲಿ ಸೋರಬಹುದು ಎಂದು ನೋಡುತ್ತಿದ್ದರು. ಸುಮಾರು ಆರುನೂರು ವರ್ಷದ ಕಟ್ಟಡಕ್ಕೂ ಮೇ ತಿಂಗಳಲ್ಲಿ ಯಾರೋ ಏಣಿ ಹತ್ತಲೇಬೇಕು. ನಾನು ಇಷ್ಟು ವರ್ಷ ಬಂದರೂ ಕಂಬ ಮಾತ್ರ ನೋಡಿದ್ದೆ, ಏಣಿ ನೋಡಿರಲಿಲ್ಲ.

ಕರೆಂಟು ಬಂದ ಮೇಲೆ ಕೆಲಸ ಅರ್ಧ ಗಂಟೆಯದ್ದು. ಹೊಸ ಪೈಪನ್ನು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ ತುಂಡರಿಸಿದರು. ಒತ್ತಡ ಬಂದಾಗ ಪೈಪು ಸ್ವಲ್ಪ ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ, ಬಿಗಿದು ಎಳೆದು ಕಟ್ಟಿದರೆ ತುದಿಯಲ್ಲೇ ಕಿತ್ತುಕೊಳ್ಳುತ್ತದೆ. ನಮ್ಮ ಹಳೆಯದು ಗಿಡ್ಡವಾಗಿದ್ದ ಕಾರಣವೇ ಚೌಕಟ್ಟಿನ ಮೂಲೆಗೆ ಒತ್ತಿಕೊಂಡು ಸವೆದದ್ದು. ತುಂಡರಿಸಿದ ಪುಡಿ ಎಣ್ಣೆಗೆ ಸೇರಿ ಪಂಪು ಹಾಳಾಗದ ಹಾಗೆ ಗಾಳಿ ಹೊಡೆದು ಒಳಗೆ ಶುಚಿ ಮಾಡಿದರು. ತುದಿಗೆ ಉಕ್ಕಿನ ನಿಪ್ಪಲ್ ತೂರಿಸಿ, ಮೇಲೆ ಕ್ಯಾಪು ಹಾಕಿ, ಮಿಷನ್ನಿನ ದವಡೆಯ ನಡುವೆ ಇಟ್ಟರು. ದವಡೆ ಎಲ್ಲ ಕಡೆಯಿಂದ ಒಟ್ಟಿಗೆ ಒತ್ತಿ ಕ್ಯಾಪನ್ನು ಪೈಪಿಗೆ ಅಮುಕಿತು. ಆ ಮಿಷನ್ ಓಡುವುದೂ ಹೈಡ್ರಾಲಿಕ್ ಎಣ್ಣೆಯಲ್ಲೇ. ಒಟ್ಟು ಖರ್ಚು ಸಾವಿರ ರೂಪಾಯಿಯ ಒಳಗೆ.

ಮಾವ ಹಣ ಎಣಿಸುವಾಗ ನಾನು ಅವರ ಮುಖ ನೋಡಿದೆ. ಎರಡು ವರ್ಷ ಮುಂದೂಡಿದ್ದು ಈ ಮೊತ್ತಕ್ಕಾ?

ಮಧ್ಯಾಹ್ನ ಅಜ್ಜಿಯ ಅಂಗಳದಲ್ಲಿ ಪೈಪು ಕೂರಿಸಿದೆವು. ಹಿಡಿದುಕೊಳ್ಳಲು ಒಂದು ಸ್ಪ್ಯಾನರ್, ಬಿಗಿಯಲು ಇನ್ನೊಂದು. ಒಂದರಲ್ಲೇ ಬಿಗಿದರೆ ಪೈಪು ತಿರುಚಿಕೊಳ್ಳುತ್ತದೆ. ಮೈಮೇಲಿನ ಬರಹ ನೇರ ಗೆರೆಯಾಗಿ ಇದ್ದರೆ ತಿರುಚಿಲ್ಲ ಎಂದು ಅರ್ಥ, ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಬೇಕು. ಈ ಅಳತೆಯ ಪೈಪನ್ನು 18 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಗಿಡ್ಡಗೆ ಬಗ್ಗಿಸಬಾರದು ಎಂದು ಅಂಗಡಿಯ ಅಣ್ಣ ಹೇಳಿದ್ದರು. ಹಾಗಾಗಿ ದಾರಿಯನ್ನೇ ಬದಲಾಯಿಸಿದೆವು. ಚೌಕಟ್ಟಿನ ಮೂಲೆ ತಪ್ಪಿಸಿ, ಒಂದು ಕ್ಲ್ಯಾಂಪು ಹಾಕಿ, ಎಲ್ಲಿಯೂ ಉಜ್ಜದ ಹಾಗೆ. ಸೈಕಲ್ ಟ್ಯೂಬು ಬೇಡ ಎಂದೆ. ಮಾವ ಅದನ್ನು ಅಡಿಕೆ ತೋಟದ ಕಡೆ ಎಸೆದರು.

ಟ್ಯಾಂಕಿಗೆ ಕಡಿಮೆಯಾದ ಎಣ್ಣೆ ಹಾಕಿ, ಎಂಜಿನ್ ಮೆಲ್ಲಗೆ ಓಡಿಸಿ, ಮರ ಇಡದೆ ದಂಡವನ್ನು ಎಂಟು ಹತ್ತು ಸಲ ಹಿಂದೆ ಮುಂದೆ ಮಾಡಿದೆವು. ಪೈಪಿನೊಳಗಿನ ಗಾಳಿ ಹೋಗಬೇಕಲ್ಲ. ಮೊದಲು ಟ್ಯಾಂಕಿನ ಎಣ್ಣೆ ಹಾಲು ಬೆರೆಸಿದ ಹಾಗೆ ನೊರೆಯಾಯಿತು, ದಂಡ ಜಗ್ಗಿ ಜಗ್ಗಿ ನಡೆಯಿತು. ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ತಿಳಿಯಾಯಿತು, ದಂಡ ಸರಾಗ. ಮತ್ತೊಮ್ಮೆ ಎಣ್ಣೆಯ ಮಟ್ಟ ನೋಡಿ ತುಂಬಿಸಿದೆವು. ಆಮೇಲೆ ಒಂದು ಗಟ್ಟಿ ತುಂಡು ಇಟ್ಟು ಒತ್ತಡ ಏರಿಸಿದರು. ಅತ್ತೆ ಕಳಿಸಿದ್ದ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಹರಿದು, ಆ ರಟ್ಟನ್ನು ಒಂದು ಉದ್ದ ಕೋಲಿಗೆ ಸಿಕ್ಕಿಸಿ, ದೂರದಿಂದ ಪೈಪಿನ ಎರಡೂ ತುದಿಗೆ ನಾನು ಹಿಡಿದೆ. ಎಣ್ಣೆಯ ಕಲೆ ಬೀಳಲಿಲ್ಲ. ಲೀಕ್ ಹುಡುಕುವ ಸರಿಯಾದ ಕ್ರಮ ಇದು. ರಟ್ಟಿಗೆ ತೂತಾದರೆ ಇನ್ನೊಂದು ರಟ್ಟು ಸಿಗುತ್ತದೆ.

ಸಂಜೆ ಆರೂವರೆಗೆ ಅಜ್ಜಿಯ ಕಟ್ಟಿಗೆ ಪೂರ್ತಿ ಆಯಿತು. ಕೆಲಸದ ಹೆಂಗಸೂ ನಾನೂ ಸೇರಿ ಕೊಟ್ಟಿಗೆಯಲ್ಲಿ ಒಟ್ಟಿದೆವು. ಕೊನೆಯ ಹೊರೆ ಒಳಗೆ ಹೋಗುವಾಗ ಗುಡುಗಿತು.

ಹಿಂದೆ ಬರುವಾಗ ಪಿಕಪ್ಪಿನಲ್ಲಿ ಕೇಳಿಯೇ ಬಿಟ್ಟೆ. "ಮಾವ, ಆ ಆಪರೇಟರನ ಬೆರಳು ಹೋದದ್ದು ನಿಮಗೆ ಗೊತ್ತಿತ್ತು. ಆದರೂ ಎರಡು ವರ್ಷ ಟ್ಯೂಬು ಕಟ್ಟಿ ಓಡಿಸಿದಿರಲ್ಲ?"

ಮಾವ ರಸ್ತೆ ನೋಡುತ್ತಲೇ ಹೇಳಿದರು: "ದಿನಾ ಒಂದು ಮನೆ ಕಾಯ್ತಾ ಇರ್ತದೆ ಮಗಾ. ನಾಳೆ ಮಾಡುವ, ನಾಡಿದ್ದು ಮಾಡುವ ಅಂತ. ಮಳೆ ಬಂದ ಮೇಲೆ ಮಿಷನ್ ಮೂಲೆಗೆ. ಮತ್ತೆ ನೆನಪಾಗುವುದು ಮೇ ತಿಂಗಳಲ್ಲಿ. ನನ್ನ ಕೈ ನಾನು ದೂರ ಇಟ್ಟುಕೊಳ್ತಿದ್ದೆ, ಹಾಗಾಗಿ ಹೆದರಿಕೆ ಇರಲಿಲ್ಲ. ನಿನ್ನ ಕೈ ಅಲ್ಲಿಗೆ ಹೋಗಬಹುದು ಅಂತ ಯೋಚನೆಯೇ ಮಾಡಿರಲಿಲ್ಲ."

ನಾನು ಉತ್ತರ ಕೊಡಲಿಲ್ಲ. ನನ್ನ ಆಫೀಸಿನಲ್ಲಿಯೂ "ಆಮೇಲೆ ಸರಿ ಮಾಡುವ" ಎಂಬ ಪಟ್ಟಿ ಒಂದು ಉಂಟು. ಅದರಲ್ಲಿ ಎರಡು ವರ್ಷ ಹಳೆಯದು ನಾನೇ ಬರೆದದ್ದೂ ಉಂಟು. ಎಲ್ಲಿ ಕೈ ಇಡಬಾರದು ಎಂದು ನನಗೆ ಗೊತ್ತು. ಹೊಸದಾಗಿ ಸೇರಿದ ಹುಡುಗಿಗೆ ಗೊತ್ತಿರುವುದಿಲ್ಲ.

ಪತ್ತನಾಜೆಗೆ ಇನ್ನೂ ಎರಡು ಮನೆ ಬಾಕಿ ಇರುವಾಗ ನಾನು ಬೆಂಗಳೂರಿಗೆ ಮರಳಿದೆ. ಜೂನ್ ಕೊನೆಗೆ, ಜೋರು ಮಳೆಯ ಒಂದು ಸಂಜೆ, ಮಾವನ ಫೋನು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ.

"ಮಿಷನ್ ಶೆಡ್ಡಿಗೆ ಹಾಕಿದೆ. ಹಾಕುವ ಮೊದಲು ಆ ಇನ್ನೊಂದು ಪೈಪು ಇತ್ತಲ್ಲ, ವಾಪಸು ಬರುವುದು, ಅದನ್ನೂ ಬದಲಾಯಿಸಿದೆ."

"ಅದು ಚೆನ್ನಾಗಿತ್ತಲ್ಲ ಮಾವ?"

"ಕಾಣಲಿಕ್ಕೆ ಚೆನ್ನಾಗಿತ್ತು" ಎಂದರು ಮಾವ. "ಬಗ್ಗಿಸಿ ನೋಡಿದೆ. ಬಾಳೆಎಲೆ."